ಹಕ್ಕಿಯೂ ಬೇಕು, ಊರೂ ನೋಡಬೇಕು: ಯುರೋಪಿನಲ್ಲಿ ಕಾರು ಯಾವ ಕಡೆ ತಿರುಗಿಸೋದು?

ಮನೆಯಲ್ಲಿ ಒಬ್ಬರ ಕೊರಳಲ್ಲಿ ಬೈನಾಕ್ಯುಲರ್. ಉಳಿದವರ ಮನಸ್ಸಿನಲ್ಲಿ ಕೋಟೆ, ಹಳೇ ಪೇಟೆ, ಚರ್ಚಿನ ಗೋಪುರ. ಎಲ್ಲರೂ ಒಂದೇ ಕಾರಿನಲ್ಲಿ ಎಂಟು ಹತ್ತು ದಿನ ಇರಬೇಕು. ನಮ್ಮ ಮನೆಯ ಕಥೆ ಇದು. ಬೈನಾಕ್ಯುಲರ್ ನನ್ನ ಕೊರಳಲ್ಲಿರುತ್ತದೆ.

ಮೊದಲ ಸಲ ಹೋದಾಗ ಎಂಟು ದಿನಕ್ಕೆ ನಾಲ್ಕು ದೇಶ ಹಾಕಿಕೊಂಡಿದ್ದೆವು. ಹೆದ್ದಾರಿ ಪಕ್ಕದ ಕಂಬಗಳ ಮೇಲೆ ಕೂತ ಗಿಡುಗಗಳನ್ನು ಓಡುವ ಕಾರಿನಿಂದ ನೋಡಿದ್ದೇ ಬಂತು. ಊರುಗಳನ್ನು ಸೇರುವ ಹೊತ್ತಿಗೆ ಎಲ್ಲರಿಗೂ ಸುಸ್ತು. ಹಕ್ಕಿಯೂ ಸಿಗಲಿಲ್ಲ, ಊರೂ ಮನಸ್ಸಿಗೆ ಹತ್ತಲಿಲ್ಲ. ಆಮೇಲಿಂದ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಹಕ್ಕಿ ನೋಡುವ ಜಾಗಕ್ಕೂ ಮಧ್ಯಾಹ್ನ ಊರು ನೋಡುವ ಜಾಗಕ್ಕೂ ನಡುವೆ ಒಂದು ಗಂಟೆಗಿಂತ ಜಾಸ್ತಿ ಡ್ರೈವ್ ಇರಬಾರದು. ಎಷ್ಟು ಜಾತಿಯ ಹಕ್ಕಿ ಸಿಗುತ್ತವೆ ಅನ್ನುವ ಲೆಕ್ಕ ಇದರ ಮುಂದೆ ಚಿಕ್ಕದು.

ಈ ಅಳತೆ ಹಿಡಿದು ನಾಲ್ಕು ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ: ಸ್ಪೇನಿನ ಎಕ್ಸ್‌ತ್ರೆಮದೂರ, ದಕ್ಷಿಣ ಫ್ರಾನ್ಸಿನ ಕಮಾರ್ಗ್, ವಿಯೆನ್ನಾದಿಂದ ಹಂಗೇರಿಯ ಹುಲ್ಲುಗಾವಲಿನವರೆಗಿನ ದಾರಿ, ರೊಮೇನಿಯಾದ ಡಾನ್ಯೂಬ್ ಡೆಲ್ಟಾ.

ಮೊದಲು ರಜೆ ಯಾವಾಗ ಅಂತ ನೋಡಿ

ದೇಶ ಆರಿಸುವ ಮೊದಲು ಕ್ಯಾಲೆಂಡರ್ ನೋಡಬೇಕು. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಅದೃಷ್ಟಕ್ಕೆ ಯುರೋಪಿನ ಹಕ್ಕಿಗಳಿಗೂ ಅದೇ ಹಬ್ಬದ ಕಾಲ. ಆಫ್ರಿಕಾದಿಂದ, ಏಷ್ಯಾದಿಂದ ವಲಸೆ ಹಕ್ಕಿಗಳು ವಾಪಸ್ ಬಂದಿರುತ್ತವೆ. ಗಂಡುಗಳು ಹಾಡುತ್ತಿರುತ್ತವೆ. ಗೂಡು ಕಟ್ಟುವ ಗಡಿಬಿಡಿ ಎಲ್ಲೆಲ್ಲೂ. ನಾಲ್ಕು ದಾರಿಗಳೂ ಆಗ ಚೆನ್ನ.

ದಸರಾ ರಜೆ ಮಾತ್ರ ಇದೆ ಅಂದರೆ ಯೋಚನೆಯೇ ಬೇಡ, ಹಂಗೇರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸದಲ್ಲಿರುವ ನಮ್ಮವರಿಗೆ ಮಕ್ಕಳ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಹಕ್ಕಿ ನೋಡಲು ಅದು ಕಷ್ಟದ ಕಾಲ. ಹಾಡು ನಿಂತಿರುತ್ತದೆ, ಬಿಸಿಲು ಏರಿರುತ್ತದೆ. ಎಕ್ಸ್‌ತ್ರೆಮದೂರದಲ್ಲಿ 40 ಡಿಗ್ರಿ ದಾಟುವುದು ಆಗ ಮಾಮೂಲು. ಆಗಸ್ಟ್ ಕೊನೆಯೇ ಸಿಗುವುದಾದರೆ ಸ್ಪೇನಿನ ದಕ್ಷಿಣ ತುದಿ ತರೀಫಾಗೆ ಹೋಗಿ. ಅಲ್ಲಿ ಯುರೋಪ್ ಮತ್ತು ಆಫ್ರಿಕಾದ ನಡುವೆ ಇರುವುದು ಸುಮಾರು 14 ಕಿ.ಮೀ. ಸಮುದ್ರ. ಬಿಸಿಗಾಳಿಯ ಮೇಲೆ ತೇಲುವ ಹಕ್ಕಿಗಳಿಗೆ ನೀರಿನ ಮೇಲೆ ಆ ಆಸರೆ ಸಿಗುವುದಿಲ್ಲ. ಹಾಗಾಗಿ ಕಿರಿದಾದ ಆ ಜಾಗ ಹುಡುಕಿಕೊಂಡು ಕೊಕ್ಕರೆ, ಹದ್ದು, ಗಿಡುಗಗಳೆಲ್ಲ ಅಲ್ಲಿ ಸೇರುತ್ತವೆ. ಗಾಳಿ ಒದಗಿದ ದಿನ ಸಾವಿರಗಟ್ಟಲೆ ದಾಟುತ್ತವೆ.

ಎಕ್ಸ್‌ತ್ರೆಮದೂರ: ನನ್ನ ಮೊದಲ ಆಯ್ಕೆ

ಮ್ಯಾಡ್ರಿಡ್‌ನಲ್ಲಿ ಇಳಿದು ಕಾರು ತೆಗೆದುಕೊಂಡರೆ ಎ-5 ಹೆದ್ದಾರಿಯಲ್ಲಿ ಸುಮಾರು 250 ಕಿ.ಮೀ.ಗೆ ತ್ರುಹಿಯೊ ಎಂಬ ಪುಟ್ಟ ಊರು. ಟೋಲ್ ಇಲ್ಲ. ಇಲ್ಲೇ ರೂಮು ಮಾಡಿ, ಐದಾರು ದಿನ ಕದಲಬೇಡಿ. ಮೊನ್‌ಫ್ರಾಗುವೆ ರಾಷ್ಟ್ರೀಯ ಉದ್ಯಾನ ಒಂದು ಕಡೆ, ಕಾಸೆರೆಸ್ ನಗರ ಇನ್ನೊಂದು ಕಡೆ, ಎರಡೂ ಸುಮಾರು 50 ಕಿ.ಮೀ. ರೋಮನ್ ಕಾಲದ ಮೆರಿದಾ ಸುಮಾರು 90 ಕಿ.ಮೀ. ನನ್ನ ಒಂದು ಗಂಟೆಯ ಅಳತೆಗೆ ಇಷ್ಟು ಚೆನ್ನಾಗಿ ಕೂರುವ ಊರು ಬೇರೆ ಸಿಕ್ಕಿಲ್ಲ.

ಮೊನ್‌ಫ್ರಾಗುವೆಯಲ್ಲಿ ಸಾಲ್ತೊ ದೆಲ್ ಹಿತಾನೊ ಅನ್ನುವ ವೀಕ್ಷಣೆಯ ಜಾಗವಿದೆ. ರಸ್ತೆ ಪಕ್ಕದಲ್ಲೇ ಇದೆ, ಹತ್ತುವ ಕೆಲಸವಿಲ್ಲ. ಮಂಡಿ ನೋವಿರುವ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ಕೆಳಗೆ ತಾಹೊ ನದಿ. ಎದುರಿಗೆ ಎದ್ದು ನಿಂತ ಬಂಡೆ. ಆ ಬಂಡೆಯ ತುಂಬಾ ಗ್ರಿಫನ್ ರಣಹದ್ದುಗಳ ಗೂಡು. ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಬಂಡೆ ಕಾದು ಬಿಸಿಗಾಳಿ ಏಳುತ್ತದೆ. ಆಗ ಅವು ಒಂದೊಂದಾಗಿ ರೆಕ್ಕೆ ಬಿಚ್ಚುತ್ತವೆ. ಎಷ್ಟೋ ಹಕ್ಕಿಗಳು ನಮ್ಮ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತವೆ. ಗಾಳಿ ಸೀಳುವ ಸದ್ದು ಕಿವಿಗೆ ಬೀಳುತ್ತದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಗಂಟೆಗಟ್ಟಲೆ ಕಾದು ಒಂದೆರಡು ರಣಹದ್ದನ್ನು ದೂರದಿಂದ ನೋಡಿ ಬಂದವಳು ನಾನು. ಇಲ್ಲಿ ಒಂದೇ ನೋಟದಲ್ಲಿ ಐವತ್ತು ಎಣಿಸಿದಾಗ ಗಂಟಲು ಕಟ್ಟಿತು. ಅದೇ ಬಂಡೆಯ ಸಂದುಗಳಲ್ಲಿ ಕಪ್ಪು ಕೊಕ್ಕರೆ ಗೂಡು ಮಾಡುತ್ತದೆ. ಸುತ್ತಲ ಕಾಡಿನ ಮರಗಳ ಮೇಲೆ ಕಪ್ಪು ರಣಹದ್ದುಗಳಿವೆ. ಅವುಗಳ ದೊಡ್ಡ ನೆಲೆಗಳಲ್ಲಿ ಇದೂ ಒಂದು. ತಾಳ್ಮೆ ಇದ್ದರೆ ಸ್ಪ್ಯಾನಿಷ್ ಇಂಪೀರಿಯಲ್ ಹದ್ದು ಕೂಡ ಕಾಣಬಹುದು.

ಇನ್ನು ಊರು. ತ್ರುಹಿಯೊದ ಮುಖ್ಯ ಚೌಕದಲ್ಲಿ ಕುದುರೆ ಮೇಲೆ ಕೂತ ಪಿಸಾರೊನ ಪ್ರತಿಮೆ ಇದೆ. ಇಂಕಾ ಸಾಮ್ರಾಜ್ಯವನ್ನು ಕೆಡವಿದವನು ಹುಟ್ಟಿದ್ದು ಈ ಊರಲ್ಲಿ. ಪ್ರತಿಮೆಯ ಹಿಂದೆ ಚರ್ಚು, ಚರ್ಚಿನ ಗೋಪುರದ ಮೇಲೆ ಬಿಳಿ ಕೊಕ್ಕರೆಯ ಗೂಡು. ಕೊಕ್ಕನ್ನು ಟಕಟಕ ಬಡಿಯುವ ಸದ್ದು ಚೌಕಕ್ಕೆಲ್ಲ ಕೇಳುತ್ತದೆ. ಗೂಳಿ ಕಾಳಗದ ಅಂಕಣದ ಹೆಂಚಿನ ಕೆಳಗೆ ಪುಟ್ಟ ಚಾಣಗಳು ಗೂಡು ಮಾಡುತ್ತವೆ. ಅಂದರೆ ಮನೆಯವರು ಕಾಫಿ ಕುಡಿಯುತ್ತಾ ಊರು ನೋಡುವಾಗ ನೀವು ಅದೇ ಮೇಜಿನಲ್ಲಿ ಕೂತು ಹಕ್ಕಿ ನೋಡಬಹುದು. ಯಾರೂ ಯಾರಿಗೂ ಕಾಯಬೇಕಿಲ್ಲ.

ಕಾಸೆರೆಸ್‌ನ ಹಳೇ ಊರು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೆರಿದಾ 1993ರಲ್ಲಿ. ಮೆರಿದಾದ ರೋಮನ್ ರಂಗಮಂದಿರವನ್ನು ನೋಡಲೇಬೇಕು. ಸಂಜೆಗೆ ಗ್ವಾದಿಯಾನಾ ನದಿಯ ಮೇಲಿನ ರೋಮನ್ ಸೇತುವೆಗೆ ಬನ್ನಿ. ಅದರ ಮೇಲೆ ವಾಹನ ಓಡಾಡುವುದಿಲ್ಲ, ನಡೆದೇ ಹೋಗಬೇಕು. ಕೆಳಗಿನ ಜೊಂಡಿನಲ್ಲಿ ನೇರಳೆ ಜಂಬುಕೋಳಿ ಕಂಡರೆ ಆಶ್ಚರ್ಯಪಡಬೇಡಿ. ನಮ್ಮ ಕೆರೆಗಳಲ್ಲಿರುವ ಹಕ್ಕಿಯ ಹತ್ತಿರದ ನೆಂಟ ಅದು. ಊರಿನ ಅಂಚಿನಲ್ಲಿ ನೀರು ತರಲು ರೋಮನ್ನರು ಕಟ್ಟಿದ ಎತ್ತರದ ಕಂಬಗಳು ಉಳಿದಿವೆ. ಒಂದೊಂದು ಕಂಬದ ನೆತ್ತಿಯ ಮೇಲೂ ಕೊಕ್ಕರೆ ಗೂಡು.

ತ್ರುಹಿಯೊ ಸುತ್ತಲಿನ ಬಯಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅಲ್ಲಿ ಗ್ರೇಟ್ ಬಸ್ಟರ್ಡ್ ಇದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಜಗತ್ತಿನಲ್ಲಿರುವ ಈ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೇನಿನಲ್ಲೇ ಇವೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಗಂಡು ತನ್ನ ಗರಿಗಳನ್ನೆಲ್ಲ ಒಳಮೇಲು ಮಾಡಿ ಬಿಳಿ ನೊರೆಯ ಗುಡ್ಡೆಯಂತೆ ನಿಲ್ಲುತ್ತದೆ. ಒಂದು ಕಿಲೋಮೀಟರ್ ದೂರಕ್ಕೂ ಆ ಬಿಳುಪು ಕಾಣುತ್ತದೆ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇದರದೇ ಬಳಗ. ನಮ್ಮಲ್ಲಿ ಅದು ಬೆರಳೆಣಿಕೆಗೆ ಇಳಿದಿದೆ. ಅದಕ್ಕೇ ಇಲ್ಲಿ ಒಂದು ಮಾತು: ಕಾರಿನಿಂದ ಇಳಿದು ಹೊಲಕ್ಕೆ ನುಗ್ಗಬೇಡಿ. ಹತ್ತಿರದ ಫೋಟೊ ಸಿಗದಿದ್ದರೆ ಬೇಡ. ಗಾಬರಿಯಾದ ಹೆಣ್ಣು ಮೊಟ್ಟೆ ಬಿಟ್ಟು ಹೋಗಬಹುದು. ಕಾರಿನ ಒಳಗೇ ಕೂತರೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ. ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಸುಮ್ನೆ ಕಾಯಿರಿ.

ಇನ್ನೊಂದು ಅನುಕೂಲವನ್ನು ಯಾರೂ ಹೇಳುವುದಿಲ್ಲ. ಸ್ಪೇನಿನ ಗಡಿಯಾರ ಸೂರ್ಯನಿಗಿಂತ ಮುಂದಿದೆ. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸುವ ಜಗಳವೇ ಇಲ್ಲ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಬಾಗಿಲು ಹಾಕಿ ಮಲಗುತ್ತದೆ. ನೀವೂ ಮಲಗಿ. ಸಂಜೆ ಮತ್ತೆ ಮೂರು ಗಂಟೆ ಹಕ್ಕಿ ನೋಡಲು ಬೆಳಕಿರುತ್ತದೆ.

ಕಷ್ಟ ಇರುವುದು ಊಟದಲ್ಲಿ. ಇದು ಹಂದಿ ಸಾಕುವ ಸೀಮೆ. ಓಕ್ ಮರಗಳ ತೋಪಿನಲ್ಲಿ ಉದುರಿದ ಕಾಯಿ ತಿಂದು ಬೆಳೆಯುವ ಕಪ್ಪು ಹಂದಿಯ ಮಾಂಸ ಇಲ್ಲಿಯ ಹೆಮ್ಮೆ. ಕಾಳಿನ ಸಾರಿನಲ್ಲೂ ಅದರ ತುಂಡು ಇರುತ್ತದೆ. ಸಸ್ಯಾಹಾರಿಗಳು 'ಸಿನ್ ಕಾರ್ನೆ' (ಮಾಂಸ ಹಾಕದೆ) ಅಂತ ಹೇಳಿದರೆ ಸಾಲದು, 'ಸಿನ್ ಹಮೋನ್' ಅಂತಲೂ ಹೇಳಬೇಕು. ಹಮೋನ್ ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ. ಅದನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರು ತುಂಬ ಜನ. ಬ್ರೆಡ್ಡಿನ ಮೇಲೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ತಿಂಡಿ ಬೆಳಗ್ಗೆ ಎಲ್ಲೆಡೆ ಸಿಗುತ್ತದೆ. ಕಾಸೆರೆಸ್ ಕಡೆಯ ತೋರ್ತಾ ದೆಲ್ ಕಸಾರ್ ಎಂಬ ಕುರಿ ಹಾಲಿನ ಚೀಸ್ ತಪ್ಪದೆ ತಿನ್ನಿ. ಹಾಲು ಒಡೆಸಲು ಅದಕ್ಕೆ ಪ್ರಾಣಿಯ ರೆನೆಟ್ ಹಾಕುವುದಿಲ್ಲ, ಒಂದು ಜಾತಿಯ ಮುಳ್ಳುಗಿಡದ ಹೂವು ಹಾಕುತ್ತಾರೆ.

ಕಮಾರ್ಗ್: ಸುಲಭದ ದಾರಿ

ಜೀವನದಲ್ಲಿ ಮೊದಲ ಸಲ ಹಕ್ಕಿ ನೋಡುವ ಮಕ್ಕಳಿದ್ದರೆ ಇಲ್ಲಿಗೆ ಹೋಗಿ. ರೋನ್ ನದಿ ಸಮುದ್ರ ಸೇರುವ ಜೌಗು ಸೀಮೆ ಇದು. ಸೇಂತ್ ಮರೀ ದ ಲ ಮೇರ್ ಊರಿನ ಹತ್ತಿರ ಪೋಂ ದ ಗೋ ಪಕ್ಷಿ ಉದ್ಯಾನವಿದೆ. ಟಿಕೆಟ್ ತೆಗೆದುಕೊಂಡು ಒಳಗೆ ನಡೆದರೆ ಕೆಲವೇ ಮೀಟರ್ ದೂರದಲ್ಲಿ ನೂರಾರು ರಾಜಹಂಸಗಳು. ಬೈನಾಕ್ಯುಲರ್ ಕೂಡ ಬೇಡ. ಜೊತೆಗೆ ಬಿಳಿ ಕುದುರೆಗಳು, ಕಪ್ಪು ಗೂಳಿಗಳು.

ಊರು ನೋಡುವವರಿಗೂ ಮೋಸವಿಲ್ಲ. ಆರ್ಲ್ ನಗರದ ರೋಮನ್ ಅಂಕಣ ಎರಡು ಸಾವಿರ ವರ್ಷಕ್ಕೆ ಹತ್ತಿರವಾಗಿದ್ದರೂ ಗಟ್ಟಿಯಾಗಿ ನಿಂತಿದೆ. ವ್ಯಾನ್ ಗೋ 1888ರಲ್ಲಿ ಬಂದು ಬಣ್ಣ ತುಂಬಿದ ಊರು ಇದೇ. ಕೋಟೆ ಗೋಡೆಯ ಒಳಗಿನ ಎಗ್ ಮೊರ್ತ್, ನೀರು ಸಾಗಿಸಲು ಕಟ್ಟಿದ ಮೂರು ಅಂತಸ್ತಿನ ಪೋಂ ದು ಗಾರ್, ಎಲ್ಲವೂ ಆರ್ಲ್‌ನಿಂದ ಒಂದು ಗಂಟೆಯೊಳಗೆ. ಪ್ಯಾರಿಸ್ ನೋಡಲೇಬೇಕು ಅನ್ನುವವರಿದ್ದರೆ ಅಲ್ಲಿಂದ ವೇಗದ ರೈಲು ಹಿಡಿಯಿರಿ. ಸುಮಾರು ಎರಡು ಮುಕ್ಕಾಲು ಗಂಟೆಗೆ ಅವಿನ್ಯೋನ್ ತಲುಪಿ, ಅಲ್ಲಿ ಕಾರು ತೆಗೆದುಕೊಳ್ಳಬಹುದು.

ಆದರೆ ಮೂರು ವಿಷಯ ಗೊತ್ತಿರಲಿ. ಸೊಳ್ಳೆ ವಿಪರೀತ, ಬಿಸಿಲು ಏರಿದಂತೆ ಹೆಚ್ಚುತ್ತದೆ. ಹೆದ್ದಾರಿ ಟೋಲ್ ಜೇಬಿಗೆ ಭಾರ. ಮೇ 24, 25ರಂದು ಸೇಂತ್ ಮರೀಯಲ್ಲಿ ರೊಮಾನಿ ಜನರ ಜಾತ್ರೆ, ಆಗ ರೂಮು ಸಿಗುವುದು ಕಷ್ಟ. ಜಾತ್ರೆ ನೋಡಲೆಂದೇ ಹೋಗುವುದಾದರೆ ಬಹಳ ಮುಂಚೆ ಬುಕ್ ಮಾಡಿ. ಅವರು ಆರಾಧಿಸುವ ಸಂತೆ ಸಾರಾಳ ಕಪ್ಪು ಬಣ್ಣದ ಮೂರ್ತಿಯನ್ನು ಹೊತ್ತು ಸಮುದ್ರದವರೆಗೆ ಮೆರವಣಿಗೆ ಹೋಗುತ್ತಾರೆ. ಅವಳನ್ನು 'ಸಾರಾ ಲಾ ಕಾಳಿ' ಅನ್ನುತ್ತಾರೆ. ರೊಮಾನಿ ಜನರ ಪೂರ್ವಿಕರು ಭಾರತದಿಂದಲೇ ಹೊರಟವರು. ಹೊತ್ತು ಸಾಗುವ ಆ ಮೂರ್ತಿ ಕಂಡಾಗ ನಮ್ಮ ಊರಿನ ಉತ್ಸವವೇ ನೆನಪಾಗುತ್ತದೆ.

ವಿಯೆನ್ನಾದಿಂದ ಹೊರ್ತೊಬಾಜ್: ದಸರಾ ರಜೆಯವರಿಗೆ

ವಿಯೆನ್ನಾ, ಬುಡಾಪೆಸ್ಟ್ ಎರಡೂ ದೊಡ್ಡ ನಗರ. ಅರಮನೆ, ಸಂಗೀತ, ನದಿ ಎಲ್ಲ ಇದೆ. ಊರು ನೋಡುವವರ ಪಾಲಿಗೆ ನಾಲ್ಕರಲ್ಲಿ ಇದೇ ಮೇಲು ಅಂತ ಒಪ್ಪುತ್ತೇನೆ. ವಿಯೆನ್ನಾದಿಂದ ಒಂದು ಗಂಟೆ ಚಿಲ್ಲರೆಗೆ ನೊಯಿಸೀಡ್ಲ್ ಸರೋವರ. ಇಷ್ಟು ದೊಡ್ಡ ಕೆರೆಯಾದರೂ ಆಳ ಎರಡು ಮೀಟರೂ ಇಲ್ಲ. ಸುತ್ತ ಜೊಂಡಿನ ಕಾಡು. ಪೂರ್ವದ ದಡದ ಇಲ್‌ಮಿಟ್ಸ್‌ನಲ್ಲಿ ರೂಮು ಮಾಡಿದರೆ ಉಪ್ಪುನೀರಿನ ಚಿಕ್ಕ ಕೊಳಗಳು ಪಕ್ಕದಲ್ಲೇ. ಪಶ್ಚಿಮದ ರುಸ್ಟ್ ಊರಿನಲ್ಲಿ ಮನೆಗಳ ಚಿಮಣಿ ಮೇಲೆ ಕೊಕ್ಕರೆಗಳ ಸಂಸಾರ.

ಮುಂದೆ ಬುಡಾಪೆಸ್ಟ್ ದಾಟಿ ಸುಮಾರು 200 ಕಿ.ಮೀ. ಪೂರ್ವಕ್ಕೆ ಹೋದರೆ ಹೊರ್ತೊಬಾಜ್. 1973ರಲ್ಲಿ ಆದ ಹಂಗೇರಿಯ ಮೊದಲ ರಾಷ್ಟ್ರೀಯ ಉದ್ಯಾನ. ಕಣ್ಣು ಹಾಯಿಸಿದಷ್ಟೂ ಮರವಿಲ್ಲದ ಹುಲ್ಲು ಬಯಲು. 1833ರಲ್ಲಿ ಮುಗಿದ ಒಂಬತ್ತು ಕಮಾನಿನ ಕಲ್ಲು ಸೇತುವೆ ಆ ಬಯಲಿನ ನಡುವೆ ಇದೆ. ಮೇ ತಿಂಗಳಲ್ಲಿ ಇಲ್ಲಿ ನೀಲಕಂಠ, ಕೆಂಪು ಕಾಲಿನ ಚಾಣಗಳು ಸಿಗುತ್ತವೆ. ಆದರೆ ಇಲ್ಲಿಗೆ ಬರಬೇಕಾದ್ದು ಅಕ್ಟೋಬರ್‌ನಲ್ಲಿ.

ಆಗ ಉತ್ತರದಿಂದ ಕ್ರೌಂಚಗಳು ಇಳಿಯುತ್ತವೆ. ಕೆಲವು ವರ್ಷ ಲಕ್ಷ ದಾಟುತ್ತವೆ. ಹಗಲೆಲ್ಲ ಮೆಕ್ಕೆಜೋಳ ಕೊಯ್ದ ಹೊಲಗಳಲ್ಲಿ ಮೇದು, ಸಂಜೆ ನೀರು ಇಳಿಸಿದ ಮೀನು ಕೊಳಗಳಿಗೆ ಮಲಗಲು ಬರುತ್ತವೆ. ಸಂಜೆ ಐದಕ್ಕೆಲ್ಲ ಜಾಗ ಹಿಡಿದು ನಿಲ್ಲಿ. ಮೊದಲು ಕೂಗು ಕೇಳುತ್ತದೆ. ದೂರದಿಂದ ತುತ್ತೂರಿ ಊದಿದ ಹಾಗೆ. ಆಮೇಲೆ ಆಕಾಶದ ಅಂಚಿನಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು, ಆಮೇಲೆ ಲೆಕ್ಕ ತಪ್ಪುತ್ತದೆ. ಹಕ್ಕಿ ಅಂದರೆ ಮೂಗು ಮುರಿಯುತ್ತಿದ್ದ ನನ್ನ ತಂಗಿ ಅವತ್ತು ಕತ್ತಲಾದರೂ ಕಾರು ಹತ್ತಲಿಲ್ಲ. ಉತ್ತರ ಕರ್ನಾಟಕದ ಹಿನ್ನೀರುಗಳಿಗೆ ಚಳಿಗಾಲದಲ್ಲಿ ಬರುವ ಕರ್ಕರ ಕೊಕ್ಕರೆಯ ಬಳಗದವೇ ಇವು, ಆದರೆ ಗಾತ್ರದಲ್ಲಿ ದೊಡ್ಡವು. ಅಕ್ಟೋಬರ್‌ನ ಸಂಜೆ ಅಲ್ಲಿ ಚಳಿ ಕೊರೆಯುತ್ತದೆ. ಟೋಪಿ, ಕೈಗವಸು ಬೇಕೇ ಬೇಕು.

ಕೊರತೆ ಅಂದರೆ ದೂರ. ಹೊರ್ತೊಬಾಜ್‌ಗೂ ಬುಡಾಪೆಸ್ಟ್‌ಗೂ ನಡುವೆ ಎರಡು ಗಂಟೆಗಿಂತ ಜಾಸ್ತಿ. ನನ್ನ ಅಳತೆಗೆ ಕೂರುವುದಿಲ್ಲ. ಹಾಗಾಗಿ ನಗರಕ್ಕೆ ಮೂರು ರಾತ್ರಿ, ಬಯಲಿಗೆ ಎರಡು ರಾತ್ರಿ ಅಂತ ಬೇರೆ ಮಾಡಿ. ಒಂದೇ ದಿನ ಹೋಗಿ ಬರುವ ಸಾಹಸ ಬೇಡ, ಹಕ್ಕಿ ಬರುವುದೇ ಕತ್ತಲ ಹೊತ್ತಿಗೆ. ಆಸ್ಟ್ರಿಯಾ, ಹಂಗೇರಿ ಎರಡರಲ್ಲೂ ಹೆದ್ದಾರಿಗೆ ಮುಂಚೆಯೇ ವಿನ್ಯೆಟ್, ಅಂದರೆ ಇಂತಿಷ್ಟು ದಿನದ ಟೋಲ್ ಪಾಸ್, ಕೊಳ್ಳಬೇಕು. ಬಾಡಿಗೆ ಕಾರು ಗಡಿ ದಾಟುತ್ತದೆ ಅಂತ ಬುಕ್ ಮಾಡುವಾಗಲೇ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಡಾನ್ಯೂಬ್ ಡೆಲ್ಟಾ: ಕಾರು ನಿಲ್ಲಿಸಿ ದೋಣಿ ಹತ್ತುವವರಿಗೆ

ಬರೀ ಹಕ್ಕಿ ಲೆಕ್ಕ ಹಿಡಿದರೆ ಇದು ಮೊದಲು ಬರಬೇಕು. 300ಕ್ಕೂ ಹೆಚ್ಚು ಜಾತಿ ದಾಖಲಾಗಿವೆ. ಯುರೋಪಿನ ಬಿಳಿ ಹೆಜ್ಜಾರ್ಲೆಗಳ ಅತಿ ದೊಡ್ಡ ನೆಲೆ ಇಲ್ಲೇ. ಆದರೆ ಡೆಲ್ಟಾದ ಒಳಗೆ ರಸ್ತೆ ಇಲ್ಲ ಅಂದರೂ ಸರಿ. ಬುಖಾರೆಸ್ಟ್‌ನಿಂದ ಸುಮಾರು 280 ಕಿ.ಮೀ. ಬಂದು ತುಲ್ಚಾದಲ್ಲೋ ಮುರಿಗ್ಯೋಲ್‌ನಲ್ಲೋ ಕಾರು ನಿಲ್ಲಿಸಿ ದೋಣಿ ಹತ್ತಬೇಕು. ಒಳಗೆ ಹೋಗಲು ಪರವಾನಗಿ ಬೇಕು, ದೋಣಿಯವರೇ ಮಾಡಿಸಿಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ದೋಣಿಯಲ್ಲಿ ನಾಲ್ಕೈದು ಗಂಟೆ ಕೂರಲು ಆಗದವರು ಮನೆಯಲ್ಲಿದ್ದರೆ ಇದು ಬೇಡ.

ಊರುಗಳು ಕಡಿಮೆ. ಕಪ್ಪು ಸಮುದ್ರದ ಕಡೆ ಗ್ರೀಕರು ಕಟ್ಟಿದ ಹಿಸ್ಟ್ರಿಯಾದ ಅವಶೇಷ, ಗುಡ್ಡದ ಮೇಲಿನ ಎನಿಸಾಲ ಕೋಟೆ, ಇಷ್ಟೇ ಮುಖ್ಯ.

ಹಾಗಿದ್ದರೂ ನನಗೆ ಈ ಕಡೆ ಒಂದು ಸೆಳೆತ. ಡೆಲ್ಟಾದ ಪಕ್ಕದ ದೊಬ್ರೊಜಾ ಬಯಲಿನಲ್ಲಿ ಮೇ ಮಧ್ಯದ ಮೇಲೆ ಕಪ್ಪು ತಲೆಯ ಬಂಟಿಂಗ್ ಎಂಬ ಪುಟ್ಟ ಹಕ್ಕಿ ತಂತಿಯ ಮೇಲೆ ಕೂತು ಹಾಡುತ್ತದೆ. ಈ ಜಾತಿ ಚಳಿಗಾಲ ಕಳೆಯುವುದು ಭಾರತದ ಕಡೆ. ಗುಲಾಬಿ ಕಬ್ಬಕ್ಕಿಯೂ ಅಷ್ಟೇ. ನಮ್ಮ ಜೋಳದ ಹೊಲಗಳ ಮೇಲೆ ಮೋಡದ ಹಾಗೆ ಇಳಿಯುವ ಹಕ್ಕಿ, ಬೇಸಿಗೆಗೆ ಪಶ್ಚಿಮಕ್ಕೆ ಹೋಗಿ ಮಿಡತೆ ಹೆಚ್ಚಿದ್ದ ವರ್ಷ ಈ ಸೀಮೆಯ ಕಲ್ಲುಗುಡ್ಡೆಗಳಲ್ಲೂ ಮರಿ ಮಾಡುತ್ತದೆ. ಕಲಬುರಗಿ, ವಿಜಯಪುರದ ಕಡೆಯವರಿಗೆ ಪರಿಚಿತ ಹಕ್ಕಿ ಇಲ್ಲಿ ಮನೆ ಮಾಡಿಕೊಂಡಿರುವುದನ್ನು ನೋಡುವುದೇ ಒಂದು ಸುಖ ಅಲ್ವಾ.

ಊಟಕ್ಕೆ ಇಲ್ಲಿ ಚಿಂತೆ ಕಡಿಮೆ. ಮಮಲಿಗ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ, ಜೊತೆಗೆ ಚೀಸ್ ಮತ್ತು ಹುಳಿ ಕೆನೆ. 'ದೆ ಪೋಸ್ಟ್' ಅಂತ ಕೇಳಿದರೆ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಸುಲಭವಾಗಿ ಸಿಗುತ್ತದೆ. ಮೀನು ಬೇಡವಾದರೆ ಅದನ್ನು ಬಿಡಿಸಿ ಹೇಳಿ.

ಹೊರಡುವ ಮುನ್ನ

ನಾಲ್ಕೂ ದಾರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ, ಒಂದೇ ಸಾಕು. 2025ರ ಜನವರಿಯಿಂದ ರೊಮೇನಿಯಾ ಕೂಡ ಪೂರ್ತಿಯಾಗಿ ಆ ಗುಂಪಿನ ಒಳಗೆ ಬಂದಿದೆ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಉಳಿಯುತ್ತೀರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಆಸ್ಟ್ರಿಯಾ, ಹಂಗೇರಿ ಎರಡೂ ಸೇರಿದ್ದರೆ ಈ ರಾತ್ರಿಗಳ ಲೆಕ್ಕವನ್ನು ಮೊದಲೇ ಸರಿ ಮಾಡಿಕೊಳ್ಳಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಕಾರು ಓಡಿಸುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸ್ ಕೂಡ ಜೊತೆಯಲ್ಲಿಡಿ. ಗೇರಿಲ್ಲದ ಕಾರು ಬೇಕಾದರೆ ಬುಕ್ ಮಾಡುವಾಗಲೇ ಕೇಳಿ. ಬಲಗಡೆ ಓಡಿಸುವ ಅಭ್ಯಾಸ ಇಲ್ಲದವರಿಗೆ ಗೇರಿನ ಚಿಂತೆ ಒಂದು ಕಡಿಮೆಯಾದರೆ ದೊಡ್ಡ ಉಪಕಾರ. ಹಂಗೇರಿ, ರೊಮೇನಿಯಾದಲ್ಲಿ ಊರ ಹೊರಗೆ ಹಗಲಲ್ಲೂ ಹೆಡ್‌ಲೈಟ್ ಹಾಕಬೇಕು. ಕುಡಿದು ಓಡಿಸುವ ವಿಷಯದಲ್ಲಿ ಎರಡೂ ದೇಶಗಳಲ್ಲಿ ಒಂದು ಗುಟುಕಿಗೂ ಮಾಫಿ ಇಲ್ಲ. ಫ್ರಾನ್ಸಿನ ಬಂಕಿನಲ್ಲಿ 'ಗಜೋಲ್' ಅಂದರೆ ಡೀಸೆಲ್, ಸ್ಪೇನಿನಲ್ಲಿ 'ಗಸೋಲಿನಾ' ಅಂದರೆ ಪೆಟ್ರೋಲ್. ಪೈಪ್ ಹಿಡಿಯುವ ಮೊದಲು ಮುಚ್ಚಳದ ಒಳಗೆ ಬರೆದಿರುವುದನ್ನು ಓದಿ.

ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಆದರೆ ಮನೆಯವರೆಲ್ಲರ ಕೈಗೂ ಒಗ್ಗುತ್ತದೆ. ಸಾಧ್ಯವಾದರೆ ಎರಡು ಒಯ್ಯಿರಿ. ಒಂದೇ ಇದ್ದರೆ ಅದು ನಿಮ್ಮ ಕೊರಳಿನಿಂದ ಇಳಿಯುವುದಿಲ್ಲ, ಪಕ್ಕದವರು ಬೇಸತ್ತು ಕಾರಿನಲ್ಲಿ ಕೂರುತ್ತಾರೆ. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲಿ ಆ ಪ್ರದೇಶದ ಹಕ್ಕಿಗಳ ಪ್ಯಾಕ್ ಅನ್ನು ಬೆಂಗಳೂರಿನಲ್ಲೇ ಇಳಿಸಿಕೊಳ್ಳಿ. ಹುಲ್ಲು ಬಯಲಿನಲ್ಲಿ ನೆಟ್‌ವರ್ಕ್ ನಂಬಲು ಆಗುವುದಿಲ್ಲ.

ಹಕ್ಕಿ ನೋಡುವ ಜಾಗಗಳಲ್ಲಿ ಕಾರು ಗಂಟೆಗಟ್ಟಲೆ ಒಂಟಿಯಾಗಿ ನಿಂತಿರುತ್ತದೆ. ಗಾಜು ಒಡೆದು ಬ್ಯಾಗು ಕದಿಯುವವರಿಗೆ ಅದು ಗೊತ್ತು. ಊರು ಬದಲಿಸುವ ದಿನ ಮೊದಲು ಹೊಸ ರೂಮಿಗೆ ಹೋಗಿ ಸಾಮಾನು ಇಳಿಸಿ, ಆಮೇಲೆ ಹಕ್ಕಿ ನೋಡಲು ಹೊರಡಿ. ಪಾಸ್‌ಪೋರ್ಟ್ ಮಾತ್ರ ಸದಾ ಮೈಮೇಲೇ ಇರಲಿ.